ಖಾಡಿಯ ನೀರು, ನಮ್ಮ ಮೋರಿಯ ನೀರು

(ಕೋಪರಖೈರಣೆಯಲ್ಲಿ ಭಾನುವಾರ ರಾತ್ರಿ ನೆರೆದ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ಈ ಸಲದ ಕೂಟದಲ್ಲಿ ಪಗಾರ, ರಜೆ, ಪ್ರಾವಿಡೆಂಟ್ ಫಂಡು ಇವನ್ನೆಲ್ಲ ಬದಿಗಿಟ್ಟು ವಿಜ್ಞಾನದ ವಿಷಯವಾಗಿ ನಾಲ್ಕು ಮಾತಾಡಬೇಕೆಂದು ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದರು. ನಾನು ಏಳನೆಯ ಇಯತ್ತೆ ಮುಗಿಸಿ ಕುಂದಾಪುರದಿಂದ ಬಸ್ಸು ಹತ್ತಿದವನು. ಮೊದಲು ಮೋರಿಯಲ್ಲಿ ತಟ್ಟೆ ತೊಳೆದೆ, ಆಮೇಲೆ ಟೇಬಲ್ ಒರೆಸಿದೆ, ಆಮೇಲೆ ಸಪ್ಲಯರನಾದೆ. ಇಂಥವನಿಗೆ ವಿಜ್ಞಾನ ಎಲ್ಲಿಂದ ಬರಬೇಕು? ಆದರೂ ಒಂದು ಪಾಠ ನನಗೆ ಈ ಊರಿನ ಖಾಡಿಯ ದಂಡೆಯಲ್ಲಿಯೇ ಸಿಕ್ಕಿತು. ಅದನ್ನೇ ತಮ್ಮ ಮುಂದೆ ಇಡುತ್ತೇನೆ. ತಪ್ಪಿದ್ದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತ ಕಾಲೇಜು ಹುಡುಗರು ತಿದ್ದತಕ್ಕದ್ದು.

ನಮ್ಮ ಸೆಕ್ಟರುಗಳಿಂದ ಪಡುವಣಕ್ಕೆ ನಡೆದರೆ ಖಾಡಿ ಸಿಗುವುದೆಂದು ತಮಗೆಲ್ಲ ಗೊತ್ತು. ಆದರೆ ಹತ್ತು ವರ್ಷ ಇಲ್ಲಿದ್ದು ಒಂದು ದಿನವೂ ಅತ್ತ ಹೋಗದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ನಾನೂ ಅವರಲ್ಲಿ ಒಬ್ಬನಾಗಿದ್ದೆ. ಒಂದು ವಾರದ ರಜೆಯ ದಿನ ಕೋಣೆಯಲ್ಲಿ ಸೆಕೆ ತಡೆಯದೆ ಅತ್ತ ಹೋದೆ. ಊರಿನ ಅಳಿವೆಯ ಹಾಗೆಯೇ ಕಾಂಡ್ಲಾ ಗಿಡಗಳು, ಕೆಸರು, ಉಪ್ಪು ವಾಸನೆ. ಊರಿನದಲ್ಲದ ಇನ್ನೊಂದು ವಾಸನೆಯೂ ಇತ್ತು. ಅಲ್ಲಿ ಇಬ್ಬರು ಕಾಲೇಜು ಹುಡುಗಿಯರು ಗಟಾರದ ಬಾಯಿಯ ಹತ್ತಿರ ಬಾಟಲಿಯಲ್ಲಿ ನೀರು ತುಂಬುತ್ತಿದ್ದರು. ಗಾಳಿಯ ಗುಳ್ಳೆ ಒಂದೂ ಉಳಿಯದ ಹಾಗೆ ತುಂಬಿ, ಎರಡು ಬಗೆಯ ಔಷಧ ಹನಿಸಿ, ಬಿರಡೆ ಹಾಕಿ, ಬಾಟಲಿಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದರು. ಒಳಗೆ ಮೊಸರಿನಂಥ ಬಿಳಿ ಗಸಿ ಕಟ್ಟಿತು.

ಇದೇನು ತಾಯಿ ಎಂದು ಕೇಳಿದೆ. ಆ ಹುಡುಗಿ ಬೇಸರಪಡದೆ ವಿವರಿಸಿದಳು. ನೀರಿನಲ್ಲಿ ಕರಗಿದ ಆಮ್ಲಜನಕ ಇದ್ದರೆ ಆ ಗಸಿ ಕಂದುಬಣ್ಣಕ್ಕೆ ತಿರುಗುತ್ತದಂತೆ. ಬಿಳಿಯಾಗಿಯೇ ಉಳಿದರೆ ಆಮ್ಲಜನಕ ಇಲ್ಲವೆಂದೇ ಲೆಕ್ಕ. ಹಂಗೇರಿ ದೇಶದ ವಿಂಕ್ಲರ್ ಎಂಬವರು 1888ರಲ್ಲಿ ಕಂಡುಹಿಡಿದ ಪರೀಕ್ಷೆಯಿದು, ಇಂದಿಗೂ ನಡೆದುಬಂದಿದೆ. ಗಟಾರದಿಂದ ಸ್ವಲ್ಪ ದೂರ ಹೋಗಿ ತುಂಬಿದ ಇನ್ನೊಂದು ಬಾಟಲಿಯಲ್ಲಿ ತೆಳುವಾದ ಚಹಾದ ಬಣ್ಣ ಬಂತು. ಆಮೇಲೆ ಅವಳು ನನ್ನ ಕೆಲಸ ಏನೆಂದು ವಿಚಾರಿಸಿ, "ದಾದಾ, ನಿಮ್ಮ ಹೋಟೆಲಿನ ಮೋರಿಯ ನೀರು ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದಳು.

ಬಾಂಧವರೇ, ಅಷ್ಟು ವರ್ಷ ಮೋರಿಯ ಮುಂದೆ ನಿಂತವನಿಗೆ ಉತ್ತರ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋಗಿ ಪೈಪನ್ನು ಹಿಂಬಾಲಿಸಿ ನೋಡಿದೆ. ಅದು ಮ್ಯುನಿಸಿಪಾಲಿಟಿಯ ಮೈಲಿಗೆ ನೀರಿನ ಕೊಳವೆಗೆ ಸೇರದೆ ಮಳೆನೀರಿನ ಗಟಾರಕ್ಕೆ ಬಿದ್ದಿತ್ತು. ಯಾವ ಹೋಟೆಲೆಂದು ಹೇಳುವುದಿಲ್ಲ, ನಾನು ಅದನ್ನು ಬಿಟ್ಟು ಬಹಳ ಕಾಲವಾಯಿತು.

ಈ ಎರಡು ದಾರಿಗಳ ವ್ಯತ್ಯಾಸ ದೊಡ್ಡದು. ಮೈಲಿಗೆ ನೀರಿನ ಕೊಳವೆಯಲ್ಲಿ ಹೋದದ್ದು ಕೋಪರಖೈರಣೆಯ ಶುದ್ಧೀಕರಣ ಕೇಂದ್ರಕ್ಕೆ ಮುಟ್ಟುತ್ತದೆ. ಅಲ್ಲಿ ನೀರಿಗೆ ಗಾಳಿ ಊದಿ, ಸೂಕ್ಷ್ಮಜೀವಿಗಳಿಂದ ಕೊಳೆಯನ್ನು ತಿನ್ನಿಸಿ, ತಿಳಿಯಾದ ಮೇಲೆ ಹೊರಬಿಡುತ್ತಾರೆ. ಮಳೆನೀರಿನ ಗಟಾರದ ಕಥೆಯೇ ಬೇರೆ. ನಮ್ಮ ಈ ನಗರದ ಬಹುಭಾಗ ಉಪ್ಪುಗದ್ದೆಯ ತಗ್ಗು ನೆಲ. ಅದಕ್ಕಾಗಿ ಡಚ್ಚರ ಪದ್ಧತಿಯಂತೆ ದಂಡೆಯ ಉದ್ದಕ್ಕೂ ಕೆರೆಗಳನ್ನು ತೋಡಿ ಬಾಗಿಲು ಇಟ್ಟಿದ್ದಾರೆ. ಭರತ ಬಂದಾಗ ಬಾಗಿಲು ತಾನೇ ಮುಚ್ಚಿಕೊಳ್ಳುವುದು, ಇಳಿತದಲ್ಲಿ ತಾನೇ ತೆರೆದುಕೊಳ್ಳುವುದು. ಆ ಗಟಾರಕ್ಕೆ ನಾವು ಹೊಯ್ದ ಸಾಂಬಾರು ಯಾವ ಕೇಂದ್ರದ ಮುಖವನ್ನೂ ಕಾಣದೆ ನೇರವಾಗಿ ಖಾಡಿಗೆ ಇಳಿಯುತ್ತದೆ.

ಸಾಂಬಾರು ವಿಷವಲ್ಲವಲ್ಲ, ನಾವೇ ತಿನ್ನುತ್ತೇವಲ್ಲ ಎಂದು ತಾವು ಕೇಳಬಹುದು. ನಾನೂ ಕೇಳಿದೆ. ವಿಷವಲ್ಲದ್ದೇ ತೊಂದರೆ! ತಿನ್ನುವ ಪದಾರ್ಥ ನೀರಿಗೆ ಬಿದ್ದರೆ ಅದನ್ನು ತಿನ್ನಲು ಕೋಟ್ಯಂತರ ಸೂಕ್ಷ್ಮಜೀವಿಗಳು ಹುಟ್ಟಿಕೊಳ್ಳುತ್ತವೆ. ಅವೂ ನಮ್ಮಂತೆ ಉಸಿರಾಡಬೇಕು, ನೀರಿನಲ್ಲಿರುವ ಆಮ್ಲಜನಕವನ್ನೇ ಎಳೆದುಕೊಳ್ಳುತ್ತವೆ. ಒಂದು ಲೆಕ್ಕ ಹೇಳುತ್ತೇನೆ. ಒಂದು ಲೀಟರ್ ಹಾಲನ್ನು ನೀರಿಗೆ ಚೆಲ್ಲಿದರೆ ಅದನ್ನು ಕರಗಿಸುವುದಕ್ಕೆ ಸುಮಾರು 100 ಗ್ರಾಂ ಆಮ್ಲಜನಕ ಬೇಕು. ಮೀನು ಬದುಕಬಲ್ಲ ಸಾಧಾರಣ ನೀರಿನಲ್ಲಿ ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕ ಇರುವುದೆಂದು ಹಿಡಿಯಿರಿ. ಹಾಗಾದರೆ ಒಂದು ಲೀಟರ್ ಒಡೆದ ಹಾಲು 20,000 ಲೀಟರ್ ನೀರಿನ ಉಸಿರನ್ನು ತೆಗೆಯಿತು. ಅಂದರೆ ಎರಡು ದೊಡ್ಡ ಟ್ಯಾಂಕರು. ಗಾಳಿಯಿಂದಲೂ ಭರತದಿಂದಲೂ ಆಮ್ಲಜನಕ ಪುನಃ ಸೇರುತ್ತಲೇ ಇರುತ್ತದೆ, ನಿಜ. ಆದರೆ ಬೇಸಿಗೆಯಲ್ಲಿ ಹಾಲು ಒಡೆದ ದಿನ ನಾವು ಎಷ್ಟು ಲೀಟರ್ ಮೋರಿಗೆ ಸುರಿಯುತ್ತೇವೆಂಬುದು ಚಹಾದ ಭಟ್ಟರಿಗೆ ಗೊತ್ತು.

ಖಾಡಿಯ ಆಕಾರವೂ ಇದಕ್ಕೆ ಸೇರಿಕೊಂಡಿದೆ. ಠಾಣೆಯ ಕಡೆ ಅದು ಇಕ್ಕಟ್ಟು, ಮುಂಬಯಿ ಬಂದರದ ಕಡೆ ಅಗಲ. ಉಲ್ಹಾಸ ನದಿಯ ಹೆಚ್ಚಿನ ನೀರು ವಸಯಿಯ ಕಡೆ ಹೊರಟುಹೋಗುತ್ತದೆ. ಸಣ್ಣದೊಂದು ಕಾಲುವೆಯಿಂದ ಮಾತ್ರ ಈ ಖಾಡಿಗೆ ಸಂಬಂಧ. ಆದುದರಿಂದ ಮಳೆಗಾಲ ಬಿಟ್ಟರೆ ಸಿಹಿನೀರಿನ ತೊಳೆತ ಕಡಿಮೆ. ನಾವು ಬಿಟ್ಟ ಕೊಳೆ ಇಳಿತದಲ್ಲಿ ಸ್ವಲ್ಪ ಹೊರಗೆ ಹೋಗಿ ಭರತದಲ್ಲಿ ಪುನಃ ನಮ್ಮ ಮನೆಯ ಮುಂದೆಯೇ ಬರುತ್ತದೆ. ಠಾಣೆಯ ಬಾಂದೋಡ್ಕರ್ ವಿಜ್ಞಾನ ಕಾಲೇಜಿನವರು ಅನೇಕ ವರ್ಷ ಈ ಖಾಡಿಯ ನೀರನ್ನೂ ಕೆಸರನ್ನೂ ಮೀನನ್ನೂ ಅಳೆದು ಬರೆದಿಟ್ಟಿದ್ದಾರೆ. ಹೂಳು ಏರಿತು, ಆಮ್ಲಜನಕ ಇಳಿಯಿತು, ಮೀನು ಕಡಿಮೆಯಾಯಿತು ಎಂಬುದು ಅವರ ಬರಹದ ಸಾರ. ಇಲ್ಲಿಯ ಆಗ್ರಿ-ಕೋಳಿ ಜನರಿಗೆ ಇದನ್ನು ಕಾಲೇಜಿನವರು ಹೇಳಬೇಕಾದ್ದಿಲ್ಲ. ಒಬ್ಬ ಮುದುಕರು ನನಗೆ ಹೇಳಿದ್ದು: ಮೊದಲು ಜಿತಾಡಾ ಹಿಡಿದು ಮಾರಿ ಮನೆ ನಡೆಸುತ್ತಿದ್ದೆವು, ಈಗ ಕೆಸರಿನಲ್ಲಿ ನಿವಟೆ, ಚಿಂಬೋರಿ ಹುಡುಕುತ್ತೇವೆ. ನಿವಟೆ ಎಂಬ ಮೀನು ತನ್ನ ಒದ್ದೆ ಚರ್ಮದ ಮೂಲಕ ಗಾಳಿಯಲ್ಲಿಯೂ ಉಸಿರಾಡಬಲ್ಲದು, ಆದ್ದರಿಂದ ಉಳಿದಿದೆ. ಹಾಗೆ ಬದುಕಲಾರದ ಮೀನುಗಳು ಹೋದವು. ನಾವು ಹೊಟ್ಟೆಪಾಡಿಗೆ ಬಂದ ಊರಿನಲ್ಲಿ ಮೊದಲಿನಿಂದ ಇದ್ದವರ ಹೊಟ್ಟೆಪಾಡು ನಮ್ಮ ಮೋರಿಯಿಂದ ಕೆಡುವುದೆಂದರೆ ಕಾರ್ಮಿಕ ಸಂಘದವನಾಗಿ ನನಗೆ ನಾಚಿಕೆ.

ಇನ್ನು ಹಕ್ಕಿಗಳ ವಿಷಯ. ಚಳಿಗಾಲ ಬಂತೆಂದರೆ ಪೇಪರಿನಲ್ಲಿ ಗುಲಾಬಿ ಹಕ್ಕಿಗಳ ಚಿತ್ರ ಬರುತ್ತದೆ. ಮರಾಠಿಯವರು ರೋಹಿತ ಎನ್ನುತ್ತಾರೆ, ಕನ್ನಡದಲ್ಲಿ ರಾಜಹಂಸವೆಂದು ಬರೆಯುತ್ತಾರೆ, ಸಾಮಾನ್ಯವಾಗಿ ಎಲ್ಲರೂ ಹೇಳುವುದು ಫ್ಲೆಮಿಂಗೊ. 1990ರ ದಶಕದಿಂದ ಇವು ಶಿವಡಿಯ ಕೆಸರಿಗೂ ಈ ಖಾಡಿಗೂ ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದವು. ಈಚಿನ ವರ್ಷಗಳಲ್ಲಿ ಒಂದು ಲಕ್ಷ ಮೀರಿದ್ದೂ ಉಂಟು. 2015ರಲ್ಲಿ ಸರಕಾರವು ಐರೋಲಿ ಸೇತುವೆಗೂ ವಾಶಿ ಸೇತುವೆಗೂ ನಡುವಿನ ಸುಮಾರು 17 ಚದರ ಕಿಲೋಮೀಟರ್ ಜಾಗವನ್ನು ಫ್ಲೆಮಿಂಗೊ ಅಭಯಾರಣ್ಯವೆಂದು ಸಾರಿತು. 2022ರಲ್ಲಿ ಇದು ರಾಮ್ಸಾರ್ ಪಟ್ಟಿಗೂ ಸೇರಿತು. ಜಗತ್ತಿನ ಮುಖ್ಯ ಜೌಗುನೆಲಗಳ ಪಟ್ಟಿಯಿದು, 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಒಪ್ಪಂದದ ಹೆಸರು ಅದಕ್ಕೆ.

ಇದನ್ನು ಓದಿ ನಮ್ಮವರು, "ಅಷ್ಟು ಚಂದದ ಹಕ್ಕಿ ಬರುತ್ತದೆಂದ ಮೇಲೆ ನೀರು ಚೊಕ್ಕಟವೇ ಇರಬೇಕು" ಎನ್ನುತ್ತಾರೆ. ನಾನು ಈ ಭಾಷಣಕ್ಕೆ ಒಪ್ಪಿದ್ದೇ ಈ ಮಾತನ್ನು ಖಂಡಿಸುವುದಕ್ಕಾಗಿ.

ಆ ಹಕ್ಕಿ ಊಟ ಮಾಡುವ ರೀತಿಯನ್ನು ನೋಡಿ. ಕತ್ತು ಬಗ್ಗಿಸಿ, ಕೊಕ್ಕನ್ನು ತಲೆಕೆಳಗಾಗಿ ನೀರಿನಲ್ಲಿಡುತ್ತದೆ. ನಾಲಿಗೆಯನ್ನು ಪಂಪಿನ ಹಾಗೆ ಹಿಂದೆ ಮುಂದೆ ಆಡಿಸಿ ನೀರನ್ನು ಒಳಗೆ ಎಳೆದು ಹೊರಗೆ ದಬ್ಬುತ್ತದೆ. ಕೊಕ್ಕಿನ ಅಂಚಿನಲ್ಲಿ ಸಣ್ಣ ಸಣ್ಣ ಪದರಗಳ ಸಾಲಿದೆ. ನಮ್ಮ ಚಹಾ ಸೋಸುವ ಬಟ್ಟೆಯ ಕೆಲಸ ಅದರದ್ದು. ಭಟ್ಟರು ಬಟ್ಟೆಯಲ್ಲಿ ಉಳಿದ ಪುಡಿಯನ್ನು ಎಸೆದು ಚಹಾ ಇಟ್ಟುಕೊಳ್ಳುತ್ತಾರೆ, ಹಕ್ಕಿ ನೀರನ್ನು ಬಿಟ್ಟು ಪುಡಿಯನ್ನು ನುಂಗುತ್ತದೆ. ಇಲ್ಲಿಗೆ ಎರಡು ಜಾತಿ ಬರುತ್ತವೆ. ದೊಡ್ಡದರ ಜಾಳಿಗೆ ಒರಟು, ಕೆಸರಿನ ಸಣ್ಣ ಸಿಗಡಿ, ಹುಳ, ಚಿಪ್ಪಿನ ಪ್ರಾಣಿಗಳು ಅದಕ್ಕೆ ಸಿಗುತ್ತವೆ. ಚಿಕ್ಕದರ ಜಾಳಿಗೆ ಬಹಳ ನಯ, ಕಣ್ಣಿಗೆ ಕಾಣದ ಪಾಚಿಯನ್ನೂ ಅದು ಹಿಡಿಯುತ್ತದೆ. ಒಂದೇ ಟೇಬಲಿನಲ್ಲಿ ಒಬ್ಬ ಗಿರಾಕಿಗೆ ರೈಸ್‌ಪ್ಲೇಟು, ಇನ್ನೊಬ್ಬನಿಗೆ ಕಟಿಂಗ್ ಚಹಾ; ಜಗಳವಿಲ್ಲ. ಮೈಯ ಗುಲಾಬಿ ಬಣ್ಣವೂ ಆ ಊಟದಿಂದಲೇ. ಮರಿ ಹುಟ್ಟುವಾಗ ಬೂದುಬಣ್ಣ, ಪಾಚಿ ತಿಂದು ತಿಂದು ಕೆಂಪೇರುತ್ತದೆ.

ಈ ಖಾಡಿಯಲ್ಲಿ ಹೆಚ್ಚು ಬರುವುದು ಚಿಕ್ಕ ಜಾತಿ. ಅದು ತಿನ್ನುವ ಪಾಚಿ ಬೆಳೆಯುವುದಕ್ಕೆ ಗೊಬ್ಬರ ಬೇಕು. ಗೊಬ್ಬರ ಕೊಡುವವರು ಯಾರು? ಆಚೆಯ ದಂಡೆಯಲ್ಲಿ ಭಾಂಡುಪ, ಘಾಟ್ಕೋಪರಗಳ ಮೈಲಿಗೆ ನೀರು, ಈಚೆಯ ದಂಡೆಯಲ್ಲಿ ನಾವು. ಶುದ್ಧ ಮಾಡಿ ಬಿಟ್ಟ ನೀರಿನಲ್ಲಿಯೂ ಸಾರಜನಕ, ರಂಜಕಗಳು ಒಂದಷ್ಟು ಉಳಿದಿರುತ್ತವೆ. ಹೀಗೆ ಮೀನಿಗೆ ಮೃತ್ಯುವಾದದ್ದೇ ಹಕ್ಕಿಗೆ ಅನ್ನವಾಯಿತು. ಆದ ಕಾರಣ ಹಕ್ಕಿಯನ್ನು ನೋಡಿ ನೀರಿಗೆ ಸರ್ಟಿಫಿಕೇಟು ಕೊಡಬಾರದು.

ಹಾಗಾದರೆ ನೀರು ಚೊಕ್ಕಟವಾದರೆ ಹಕ್ಕಿ ಹೊರಟುಹೋಗುವುದೇ ಎಂದು ಕೇಳುವಿರಿ. ವಿಜ್ಞಾನಿಗಳು ತಲೆ ಕೆಡಿಸಿಕೊಂಡಿರುವುದೂ ಇಂಥ ಪ್ರಶ್ನೆಗಳಿಗೇ. 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು 2018ರಿಂದ ಹತ್ತು ವರ್ಷದ ಅಧ್ಯಯನ ಹಿಡಿದಿದ್ದಾರೆ. 2022ರಲ್ಲಿ ಆರು ಹಕ್ಕಿಗಳ ಮೈಗೆ ಸೂರ್ಯನ ಬೆಳಕಿನಿಂದ ನಡೆಯುವ ಸಣ್ಣ ಯಂತ್ರ ಕಟ್ಟಿ ಬಿಟ್ಟರು. ಹಕ್ಕಿ ಎಲ್ಲಿದೆಯೆಂದು ಅದು ಮೊಬೈಲಿನ ಹಾಗೆ ತಿಳಿಸುತ್ತದೆ. ಹುಮಾಯೂನ್ ಎಂದು ಹೆಸರಿಟ್ಟ ಒಂದು ಹಕ್ಕಿ ಆ ವರ್ಷದ ಮಳೆಗಾಲದಲ್ಲಿ ಗುಜರಾತಿನ ಭಾವನಗರಕ್ಕೆ ಹೋಯಿತು. ನಾವು ಮೇ ತಿಂಗಳಲ್ಲಿ ಊರಿಗೆ ಹೋಗುವಂತೆ! ಕಚ್ಛದ ರಣದಲ್ಲಿ ಅವು ಮರಿ ಮಾಡುವವು. ರಾತ್ರಿಯ ಹೊತ್ತಿನಲ್ಲಿಯೂ ಈ ದಂಡೆಯಿಂದ ಆ ದಂಡೆಗೆ ಹಾರುವವು. 2024ರ ಮೇ 20ರ ರಾತ್ರಿ ಘಾಟ್ಕೋಪರದ ಮೇಲೆ ಒಂದು ವಿಮಾನಕ್ಕೆ ಬಡಿದು 39 ಹಕ್ಕಿಗಳು ಸತ್ತವು. ಹಾರುವ ದಾರಿಯನ್ನು ಗುರುತಿಸಿಟ್ಟುಕೊಳ್ಳುವುದು ಎಷ್ಟು ಅಗತ್ಯವೆಂದು ಇದರಿಂದ ತಿಳಿಯುವುದು.

ಆ ಸೊಸೈಟಿಯ ಮಾತು ಬಂದದ್ದರಿಂದ ಸಲೀಂ ಅಲಿಯವರ ಹೆಸರು ಹೇಳದೆ ಮುಂದೆ ಹೋಗಲಾರೆ. 1940ರಲ್ಲಿ ನಮ್ಮ ರಂಗನತಿಟ್ಟು ಪಕ್ಷಿಧಾಮವಾದದ್ದು ಅವರ ಒತ್ತಾಯದಿಂದ. ಅವರಿಗೆ ತಕ್ಕ ಪದವಿ ಇಲ್ಲವೆಂದು ಸರಕಾರದ ಪ್ರಾಣಿಶಾಸ್ತ್ರ ಇಲಾಖೆಯಲ್ಲಿ ಕೆಲಸ ಸಿಗಲಿಲ್ಲ. ಏಳನೆಯ ಇಯತ್ತೆಯವನಿಗೆ ಇಂಥ ಸಂಗತಿ ಸಂತೋಷ ಕೊಡುತ್ತದೆಂದು ಬೇರೆ ಹೇಳಬೇಕೆ?

ಹಕ್ಕಿ ಹೋದೀತೆಂದು ನೀರನ್ನು ಹೊಲಸಾಗಿಯೇ ಇಡುವುದು ನನಗೆ ಒಪ್ಪಿಗೆಯಿಲ್ಲ. ಆಫ್ರಿಕದ ಸವುಳು ಸರೋವರಗಳಲ್ಲಿ ನಮ್ಮ ಗಟಾರದ ಹಂಗಿಲ್ಲದೆ ಇದೇ ಜಾತಿ ಲಕ್ಷಗಟ್ಟಲೆ ಬದುಕಿದೆ. ಖಾಡಿಯ ಕೆಸರೂ ಕಾಂಡ್ಲಾವೂ ಉಳಿದರೆ ಅವುಗಳ ಹೊಟ್ಟೆಗೆ ಏನಾದರೂ ದೊರಕೀತು.

ಗಿರಣಿಯಲ್ಲಿ ದುಡಿದ ಹಿರಿಯರು ನಗುತ್ತಿದ್ದಾರೆ. ಬಣ್ಣದ ಖಾತೆಯಿಂದ ಎಂಥ ನೀರು ಹೋಗುತ್ತಿತ್ತೆಂದು ಅವರು ಬಲ್ಲರು. 2020ರ ಫೆಬ್ರುವರಿಯಲ್ಲಿ ಡೊಂಬಿವಲಿಯ ಕಾರ್ಖಾನೆ ಪ್ರದೇಶದ ರಸ್ತೆಯೇ ಗುಲಾಬಿಯಾಗಿತ್ತು. ಹಕ್ಕಿಯ ಗುಲಾಬಿ ಬೇರೆ, ಅದು ಬೇರೆ. ಕಾರ್ಖಾನೆಯ ಮುಂದೆ ಹೋಟೆಲಿನ ಪಾಲು ಚಿಕ್ಕದೆಂಬ ಮಾತನ್ನೂ ನಾನು ಒಪ್ಪುತ್ತೇನೆ. ಆದರೆ ಮೋರಿ ನಮ್ಮ ಕೈಯಲ್ಲಿದೆ.

ತಟ್ಟೆಯ ಎಂಜಲನ್ನು ಮೊದಲು ಡಬ್ಬಿಗೆ ಕೆರೆದು ಆಮೇಲೆ ನೀರು ಹಿಡಿಯುವುದಕ್ಕೆ ಯಾರ ಅಪ್ಪಣೆಯೂ ಬೇಡ. ಒಡೆದ ಹಾಲು, ಹುಳಿಹೋದ ಹಿಟ್ಟು ಒದ್ದೆ ಕಸದ ಡಬ್ಬಿಗೆ ಹೋಗಲಿ. ಬಾಣಲೆಯ ಎಣ್ಣೆಯನ್ನು ಯಾವ ಕಾರಣಕ್ಕೂ ಮೋರಿಗೆ ಬಿಡಬಾರದು. ಕಾದು ಕಾದು ಎಣ್ಣೆಯಲ್ಲಿ ಹುಟ್ಟುವ ಕೆಟ್ಟ ಅಂಶ ನೂರಕ್ಕೆ 25 ಮೀರಿದರೆ ಅದರಲ್ಲಿ ಕರಿಯಬಾರದೆಂದು 2018ರಿಂದ ಕಾನೂನಿದೆ. ಅಂಥ ಎಣ್ಣೆಯನ್ನು ಬಯೋಡೀಸೆಲ್ ಮಾಡುವವರು ಕೊಂಡುಕೊಳ್ಳುತ್ತಾರೆ. ಆ ದುಡ್ಡು ಈಗ ಗಲ್ಲಾಕ್ಕೆ ಹೋಗುತ್ತದೆ. ಅದರಲ್ಲಿ ಮೋರಿಯ ಹುಡುಗನಿಗೆ ಒಂದು ಜೊತೆ ರಬ್ಬರ್ ಬೂಟು, ಕೈಗವಸು ಕೊಡಿಸಿರೆಂದು ಧಣಿಗಳನ್ನು ಕೇಳುವುದು ಸಂಘದ ಕೆಲಸ. ಎಣ್ಣೆ ತಡೆಯುವ ತೊಟ್ಟಿ ಕಟ್ಟಿಸುವುದು, ಪೈಪನ್ನು ಸರಿಯಾದ ಕೊಳವೆಗೆ ಸೇರಿಸುವುದು ಧಣಿಗಳ ಖರ್ಚಿನದು. ಒಬ್ಬ ಹುಡುಗ ಹೋಗಿ ಹೇಳಿದರೆ ಮರುದಿನ ಅವನ ಹಾಸಿಗೆ ಹೊರಗೆ ಬೀಳುವುದೆಂದು ನನಗೆ ಗೊತ್ತಿದೆ. ಅದಕ್ಕಾಗಿ ಒಬ್ಬೊಬ್ಬರೇ ಹೇಳುವುದು ಬೇಡ. ತಮ್ಮ ತಮ್ಮ ಹೋಟೆಲಿನ ಪೈಪು ಯಾವ ಕಡೆ ಹೋಗುವುದೆಂದು ನೋಡಿ, ಹೆಸರು ಬರೆಯದ ಚೀಟಿಯಲ್ಲಿ ಕಾರ್ಯದರ್ಶಿಗಳಿಗೆ ಮುಟ್ಟಿಸಿರಿ. ಮುಂದಿನ ತಿಂಗಳು ಸಂಘದ ಹೆಸರಿನಲ್ಲಿ ಎಲ್ಲ ಧಣಿಗಳಿಗೂ ಒಂದೇ ಅರ್ಜಿ ಹೋಗಲಿದೆ.

ಬರುವ ಭಾನುವಾರ ರಜೆ ಇದ್ದವರು ಇಳಿತದ ಹೊತ್ತಿಗೆ ನಿಸರ್ಗ ಉದ್ಯಾನದ ಬಾಗಿಲಲ್ಲಿ ಸೇರೋಣ. ಆ ಉದ್ಯಾನವೂ ಹಿಂದೆ ಕಸದ ದಿಬ್ಬವಾಗಿತ್ತು ಎಂಬುದು ಹೊಸಬರಿಗೆ ಗೊತ್ತಿರಲಾರದು. ಅಲ್ಲಿಂದ ದಂಡೆಗೆ ನಡೆದು ಹೋಗುವುದು. ಆ ಇಬ್ಬರು ಹುಡುಗಿಯರಿಗೂ ಹೇಳಿಕಳುಹಿಸಿದ್ದೇನೆ, ಬಾಟಲಿ ತರುತ್ತಾರೆ. ಚಹಾದ ಫ್ಲಾಸ್ಕು ಭಟ್ಟರದು.