ನಾಲ್ಕನೆಯ ಸೂಜಿ, ಐದನೆಯ ಸೂಜಿ: ಕಲಬುರಗಿಯ ತಾಲ್ಲೂಕುಗಳಲ್ಲಿ ಗಂಟಲಮಾರಿ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ವೈದ್ಯರು, ಆರೋಗ್ಯ ಸಹಾಯಕಿಯರು ಹಾಗೂ ಆಶಾ ಕಾರ್ಯಕರ್ತೆಯರು ಸೇರಿರುವ ಈ ವಿಚಾರ ಸಂಕಿರಣ ಎತ್ತಿಕೊಂಡಿರುವುದು ಒಂದೇ ಕಾಯಿಲೆಯನ್ನು: ಗಂಟಲಮಾರಿ, ಅಂದರೆ ಡಿಫ್ತೀರಿಯಾ. ಇದು ಹಳೆಯ ಪುಸ್ತಕದ ಕಾಯಿಲೆ ಎಂದು ಯಾರಾದರೂ ಭಾವಿಸಿದ್ದರೆ ಒಂದು ಲೆಕ್ಕ ನೋಡಬೇಕು. 2018ರಲ್ಲಿ ಜಗತ್ತಿನಾದ್ಯಂತ ವರದಿಯಾದ ಹದಿನಾರು ಸಾವಿರಕ್ಕೂ ಹೆಚ್ಚು ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತದವು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಈ ರೋಗ ಮರಳಿ ತಲೆಯೆತ್ತಿದ್ದನ್ನು ಬೆಳಗಾವಿಯ ವೈದ್ಯರು 2017ರಲ್ಲೇ ವೈದ್ಯಕೀಯ ನಿಯತಕಾಲಿಕದಲ್ಲಿ ದಾಖಲಿಸಿದ್ದಾರೆ.

ಶುರುವಾಗುವುದು ಸಾಮಾನ್ಯ ಗಂಟಲುನೋವಿನಂತೆಯೇ. ಸಣ್ಣ ಜ್ವರ, ನುಂಗಲು ತ್ರಾಸು. ಎರಡು ಮೂರು ದಿನದಲ್ಲಿ ಗಂಟಲೊಳಗೆ ಬೂದುಬಣ್ಣದ ದಪ್ಪ ಪೊರೆ ಕಟ್ಟುತ್ತದೆ. ಕೆರೆಯಲು ಹೋದರೆ ರಕ್ತ ಜಿನುಗುತ್ತದೆ. ಕೆಲವು ಮಕ್ಕಳ ಕುತ್ತಿಗೆ ಗದ್ದದಿಂದ ಎದೆಯವರೆಗೆ ಒಂದೇ ಸಮ ಊದಿಕೊಳ್ಳುತ್ತದೆ. ಪೊರೆ ಉಸಿರಿನ ದಾರಿಯನ್ನೇ ಮುಚ್ಚಬಹುದು. ಅದರಿಂದ ಪಾರಾದ ಮಗುವಿಗೂ ಗಂಡಾಂತರ ಮುಗಿಯುವುದಿಲ್ಲ. ಬ್ಯಾಕ್ಟೀರಿಯಾ ಗಂಟಲಲ್ಲೇ ಕುಳಿತು ಬಿಡುವ ವಿಷ ರಕ್ತದಲ್ಲಿ ಹರಿದು ಹೃದಯದ ಸ್ನಾಯುವಿಗೂ ನರಗಳಿಗೂ ತಗಲುತ್ತದೆ. ಜ್ವರ ಇಳಿಯಿತು, ಮಗು ಗೆಲುವಾಯಿತು ಎಂದು ಮನೆಯವರು ನಿಟ್ಟುಸಿರು ಬಿಟ್ಟ ಎರಡನೇ ವಾರದಲ್ಲಿ ಹೃದಯ ಸೋತು ಮಗು ಕೈತಪ್ಪಿ ಹೋಗುವುದುಂಟು.

ಔಷಧ ಇಲ್ಲವೆಂದಲ್ಲ. ಬರ್ಲಿನ್‌ನಲ್ಲಿ ವಿಜ್ಞಾನಿಗಳಾದ ಬೇರಿಂಗ್ ಮತ್ತು ಕಿಟಸಾಟೊ 1890ರಲ್ಲಿ ಕಂಡುಕೊಂಡ ಪ್ರತಿವಿಷವೇ ಇಂದಿಗೂ ಆಧಾರ. ಕುದುರೆಯ ರಕ್ತದಿಂದ ತಯಾರಾಗುವ ಈ ಔಷಧಕ್ಕಾಗಿ ಬೇರಿಂಗ್‌ಗೆ 1901ರಲ್ಲಿ ವೈದ್ಯಕೀಯದ ಮೊಟ್ಟಮೊದಲ ನೊಬೆಲ್ ಬಂತು. ಆದರೆ ರಕ್ತದಲ್ಲಿ ಓಡಾಡುವ ವಿಷವನ್ನಷ್ಟೇ ಅದು ಹಿಡಿಯಬಲ್ಲದು. ಜೀವಕೋಶದೊಳಗೆ ಸೇರಿಹೋದ ವಿಷದ ಮುಂದೆ ಅದರ ಆಟ ನಡೆಯದು. ಅದಕ್ಕೇ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ. 2018ರ ಸೆಪ್ಟೆಂಬರಿನಲ್ಲಿ ರಾಜಧಾನಿ ದೆಹಲಿಯಲ್ಲೇ ಈ ಔಷಧದ ಕೊರತೆಯ ನಡುವೆ ಮಕ್ಕಳು ಸತ್ತರು. ಹೀಗಿರುವಾಗ ಭೀಮಾತೀರದ ಹಳ್ಳಿಯಿಂದ ತಾಲ್ಲೂಕಿಗೆ, ಅಲ್ಲಿಂದ ಕಲಬುರಗಿಗೆ ಮಗುವನ್ನು ಹೊತ್ತು ಓಡುವ ಕುಟುಂಬ ಎಷ್ಟು ಹೊತ್ತು ಕಳೆದುಕೊಳ್ಳುತ್ತದೆ ಎಂಬುದನ್ನು ಈ ಸಭೆಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಮುಖ್ಯ ಮಾತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಪೂರ್ಣ ಲಸಿಕೆ ಪಡೆದ ಮಕ್ಕಳ ಪ್ರಮಾಣ ನಾಲ್ಕನೇ ಸುತ್ತಿನಲ್ಲಿ ಶೇ. 62.6 ಇದ್ದದ್ದು ಐದನೇ ಸುತ್ತಿನಲ್ಲಿ ಶೇ. 84.1ಕ್ಕೆ ಏರಿತು. ಇದು ಸಣ್ಣ ಸಾಧನೆಯಲ್ಲ. ಈ ಸಭಾಂಗಣದಲ್ಲಿ ಕುಳಿತಿರುವ ಸಹೋದರಿಯರ ಕಾಲಿನ ಬೆವರು ಅದರಲ್ಲಿದೆ. ಆದರೆ ಆ ‘ಪೂರ್ಣ’ದ ಲೆಕ್ಕ ಗಂಟಲಮಾರಿಯ ಮಟ್ಟಿಗೆ ಮೂರನೇ ಡೋಸಿಗೇ ನಿಂತುಬಿಡುತ್ತದೆ. 6, 10, 14ನೇ ವಾರದ ಪೆಂಟಾವೇಲೆಂಟ್ ಆದರೆ ಸಾಕು. 16ರಿಂದ 24 ತಿಂಗಳೊಳಗಿನ ಡಿಪಿಟಿ ಬೂಸ್ಟರ್ ಎಂಬ ನಾಲ್ಕನೆಯ ಸೂಜಿ, 5ರಿಂದ 6ನೇ ವರ್ಷದ ಎರಡನೇ ಬೂಸ್ಟರ್ ಎಂಬ ಐದನೆಯ ಸೂಜಿ, 10 ಮತ್ತು 16ನೇ ವರ್ಷದ ಟಿಡಿ, ಯಾವುವೂ ಆ ಅಂಕಿಯೊಳಗಿಲ್ಲ. ಮೊದಲ ಮೂರು ಡೋಸ್ ಕೊಟ್ಟ ರಕ್ಷಣೆಯಾದರೋ ವರ್ಷ ಕಳೆದಂತೆ ಕರಗುತ್ತದೆ. ರೋಗ ಈಗ ತೊಟ್ಟಿಲ ಕೂಸುಗಳನ್ನು ಬಿಟ್ಟು ಶಾಲೆಯ ಮಕ್ಕಳನ್ನು ಹುಡುಕಿಕೊಂಡು ಬರುತ್ತಿರುವುದು ಇದೇ ಕಾರಣಕ್ಕೆ. ಆರೋಗ್ಯದಲ್ಲಿ ದೇಶಕ್ಕೇ ಮಾದರಿ ಎನಿಸಿಕೊಂಡ ಕೇರಳದ ಮಲಪ್ಪುರಂನಲ್ಲಿ 2016ರಲ್ಲಿ ಹದಿಹರೆಯದವರು ಇದಕ್ಕೆ ಬಲಿಯಾದರು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಅಲ್ಲಿನ ದೇಶಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಗಂಟಲಮಾರಿ ಬಂತು, ಅವರಲ್ಲಿ ವಯಸ್ಕರೇ ಬಹಳ.

ಈ ಮೂರು ತಾಲ್ಲೂಕುಗಳಲ್ಲಿ ಬೂಸ್ಟರ್ ತಪ್ಪಲು ತಾಯಂದಿರ ಅಸಡ್ಡೆ ಕಾರಣ ಎನ್ನುವುದು ಅನ್ಯಾಯದ ಮಾತು. ತೊಗರಿ ಕೈಕೊಟ್ಟ ವರ್ಷ ಗುಳೆ ಹೋಗುವುದು ಇಲ್ಲಿನ ಬದುಕು. ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಸೋಲಾಪುರ, ಪುಣೆ, ಮುಂಬೈ, ಬೆಂಗಳೂರು. ತಾಂಡಾಗಳು ದೀಪಾವಳಿ ಕಳೆದರೆ ಅರ್ಧ ಖಾಲಿ. ಒಂದೂವರೆ ವರ್ಷದ ಕೂಸು ಆಗ ಕಬ್ಬಿನ ಗದ್ದೆಯ ಗುಡಿಸಲಲ್ಲಿರುತ್ತದೆ. ಅದರ ಹೆಸರು ಊರಿನ ಉಪಕೇಂದ್ರದ ರಿಜಿಸ್ಟರಿನಲ್ಲಿರುತ್ತದೆ. ತಾಯಿ ಕಾರ್ಡ್ ಜೊತೆಗೆ ಹೋಗಿದ್ದರೂ ಗಡಿಯಾಚೆಯ ಸಹಾಯಕಿಗೆ ಅದರ ಕನ್ನಡ ಓದಲು ಬಾರದು. ಜ್ವರದ ಭಯವೂ ಇದೆ. ಡಿಪಿಟಿ ಹಾಕಿಸಿದ ರಾತ್ರಿ ಮಗುವಿನ ಮೈ ಕಾದು ತೊಡೆ ಊದಿದರೆ ಮರುದಿನದ ಕೂಲಿ ಹೋಯಿತು. ಇದು ಸಹಜ, ಪ್ಯಾರಾಸಿಟಮಾಲ್ ಕೊಟ್ಟರೆ ಒಂದೆರಡು ದಿನದಲ್ಲಿ ಇಳಿಯುತ್ತದೆ ಎಂದು ಸೂಜಿ ಹಾಕುವ ಮೊದಲೇ ಹೇಳಿದರೆ ಆ ತಾಯಿ ಮುಂದಿನ ಡೋಸಿಗೂ ಬರುತ್ತಾಳೆ. ಹೇಳದಿದ್ದರೆ ಬರುವುದು ಅನುಮಾನ.

ಲಸಿಕೆಯ ವೇಳಾಪಟ್ಟಿಯಲ್ಲಿ ಗುಳೆಯ ಈ ಬದುಕಿಗೂ ಜಾಗ ಇದೆಯೆಂಬುದು ಸಮಾಧಾನದ ಸಂಗತಿ. ಮೊದಲ ಬೂಸ್ಟರಿಗೆ ಎಂಟು ತಿಂಗಳ ಅವಧಿಯಿದೆ. ಎರಡನೆಯದು ತಪ್ಪಿದರೂ ಏಳು ವರ್ಷ ತುಂಬುವವರೆಗೆ ಡಿಪಿಟಿ ಕೊಡಬಹುದು. ಗುಳೆಗೆ ಹೊರಡುವ ಮುನ್ನ ದಸರೆಯ ಹೊತ್ತಿಗೆ ಒಂದು ಪಟ್ಟಿ, ಮರಳಿ ಬಂದ ಮೇಲೆ ಯುಗಾದಿಯ ಹೊತ್ತಿಗೆ ಇನ್ನೊಂದು ಪಟ್ಟಿ ಮಾಡಿಕೊಂಡರೆ ಬಹುಪಾಲು ಮಕ್ಕಳು ಸಿಗುತ್ತಾರೆ. ಇಂಥದೊಂದು ಸ್ಥಳೀಯ ಪಂಚಾಂಗ ಬೆಂಗಳೂರಿನಿಂದ ಸಿದ್ಧವಾಗಿ ಬರುವುದಿಲ್ಲ, ಇಲ್ಲೇ ತಯಾರಾಗಬೇಕು.

ಲಸಿಕೆಯ ಗುಣದ ಬಗ್ಗೆಯೂ ಒಂದು ಮಾತು. ಕಲಬುರಗಿಯ ಬಿಸಿಲಿಗೆ ಹೆದರಿ ಐಸ್‌ಪ್ಯಾಕ್‌ಗಳನ್ನು ಕಲ್ಲಿನಂತೆ ಗಟ್ಟಿಯಾಗಿದ್ದಾಗಲೇ ಕ್ಯಾರಿಯರಿಗೆ ತುಂಬುವ ಆತುರ ಸಹಜ. ಆದರೆ ಡಿಪಿಟಿ, ಪೆಂಟಾವೇಲೆಂಟ್ ಹೆಪ್ಪುಗಟ್ಟಿದರೆ ಕೆಟ್ಟವೇ. ಪ್ಯಾಕಿನ ಮೈ ಬೆವರಿ, ಕಿವಿಯ ಬಳಿ ಅಲುಗಿಸಿದಾಗ ಒಳಗೆ ನೀರಿನ ಸದ್ದು ಕೇಳುವವರೆಗೆ ಕಾಯಬೇಕು. ವಯಲಿನ ಮೇಲಿನ ಗುರುತು ಬಿಸಿಯ ಪೆಟ್ಟನ್ನು ತೋರಿಸುತ್ತದೆ, ಹೆಪ್ಪುಗಟ್ಟಿದ್ದನ್ನು ತೋರಿಸುವುದಿಲ್ಲ.

ಆದ್ದರಿಂದ ಈ ಎರಡು ದಿನಗಳ ಗೋಷ್ಠಿಗಳು ಮುಗಿಯುವ ಮುನ್ನ ಮೂರೂ ತಾಲ್ಲೂಕುಗಳ ವೈದ್ಯಾಧಿಕಾರಿಗಳು ಒಂದು ಕೆಲಸ ಒಪ್ಪಿಕೊಳ್ಳಬೇಕೆಂಬುದು ವಿನಂತಿ. ಬರುವ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರುವ ಪ್ರತಿ ಮಗುವಿನ ತಾಯಿ ಕಾರ್ಡನ್ನು ಶಾಲೆಯಲ್ಲೇ ತೆರೆದು ನೋಡಿ, ಐದನೆಯ ಸೂಜಿ ಬಿದ್ದಿಲ್ಲದಿದ್ದರೆ ಅದೇ ವಾರ ಹಾಕಿಸಿ. ಕಾರ್ಡ್ ಕಳೆದಿದೆಯೆಂದು ಯಾವ ಮಗುವನ್ನೂ ವಾಪಸ್ ಕಳುಹಿಸಬೇಡಿ.