ಸೂರ್ಯನಿಗೆ ಮುಖ, ಗಾಳಿಗೆ ಅಂಚು

ಮಕ್ಕಳೇ, ತಾರಸಿಯ ಮೇಲಿನ ಸೋಲಾರ್ ಪ್ಯಾನೆಲ್ ನೋಡಿದ್ದೀರಲ್ಲ? ನಮ್ಮ ಕಡೆ ಅದನ್ನು ದಕ್ಷಿಣಕ್ಕೆ ತುಸು ವಾಲಿಸಿ ಬಿಗಿದುಬಿಡುತ್ತಾರೆ. ಹಾಗಾಗಿ ಬೆಳಗ್ಗೆ, ಸಂಜೆ ಬಿಸಿಲು ಅದಕ್ಕೆ ಓರೆಯಾಗಿ ತಾಗುತ್ತದೆ, ಕರೆಂಟೂ ಕಡಿಮೆ ಹುಟ್ಟುತ್ತದೆ. ಇದನ್ನು ಸರಿಪಡಿಸಲು ಕೆಲವರು ಪ್ಯಾನೆಲ್ಲನ್ನು ಸೂರ್ಯನ ಜೊತೆಗೇ ತಿರುಗಿಸುವ ಟ್ರ್ಯಾಕರನ್ನು ಮನೆಯಲ್ಲೇ ಕಟ್ಟುತ್ತಾರೆ.

ಸೂರ್ಯನನ್ನು ಹಿಂಬಾಲಿಸುವುದೇನೂ ಕಷ್ಟವಲ್ಲ. ಭೂಮಿ ಗಂಟೆಗೆ ತಿರುಗುವುದೇ 15 ಡಿಗ್ರಿ. ಬೆಳಕು ಗುರುತಿಸುವ ಎರಡು ಪುಟ್ಟ ಬಿಲ್ಲೆಗಳ ನಡುವೆ ಒಂದು ತಡಿಕೆ ನಿಲ್ಲಿಸಿದರೆ ಸಾಕು. ಸೂರ್ಯ ಸರಿದಾಗ ಒಂದರ ಮೇಲೆ ನೆರಳು ಬೀಳುತ್ತದೆ. ಎರಡಕ್ಕೂ ಸಮನಾಗಿ ಬೆಳಕು ಬೀಳುವವರೆಗೆ ಪ್ಯಾನೆಲ್ ತಿರುಗಿಸುವ ಮೋಟಾರ್ ಓಡುತ್ತದೆ, ಆಮೇಲೆ ನಿಲ್ಲುತ್ತದೆ.

ನಿಜವಾದ ಪರೀಕ್ಷೆ ಆಷಾಢದ ಗಾಳಿಯದ್ದು. ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲವಲ್ಲ! ಎರಡು ಚದರ ಮೀಟರಿನ ಪ್ಯಾನೆಲ್ ಗಾಳಿಗೆ ಎದೆಯೊಡ್ಡಿ ನಿಂತಿದೆ ಎನ್ನಿ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಅದನ್ನು ಸುಮಾರು 15 ಕಿಲೋ ಭಾರದಷ್ಟು ಬಲದಿಂದ ನೂಕುತ್ತದೆ. ವೇಗ 72 ಆದರೆ? 30 ಎಂದಿರಾ? ಅಲ್ಲ, ಸುಮಾರು 60! ವೇಗ ಎರಡು ಪಟ್ಟಾದಾಗ ಪ್ರತಿ ಸೆಕೆಂಡಿಗೆ ಬಂದು ಬಡಿಯುವ ಗಾಳಿಯೂ ಎರಡು ಪಟ್ಟು, ಅದು ಬಡಿಯುವ ರಭಸವೂ ಎರಡು ಪಟ್ಟು. ಎರಡೆರಡಲ ನಾಲ್ಕು.

ಇಷ್ಟು ಬಲವನ್ನು ಚಿಕ್ಕ ಮೋಟಾರ್ ಹೇಗೆ ತಡೆದೀತು? ಇಲ್ಲಿ ಸ್ಕ್ರೂ ಕೈಹಿಡಿಯುತ್ತದೆ. ಒಂದು ಬೋಲ್ಟಿಗೆ ನಟ್ಟು ಹಾಕಿ ನೋಡಿ. ನಟ್ಟನ್ನು ತಿರುಗದಂತೆ ಹಿಡಿದು ಬೋಲ್ಟನ್ನು ತಿರುಗಿಸಿದರೆ ನಟ್ಟು ಸಲೀಸಾಗಿ ಮುಂದೆ ಸಾಗುತ್ತದೆ. ಆದರೆ ನಟ್ಟನ್ನು ನೇರವಾಗಿ ಎಷ್ಟೇ ನೂಕಿದರೂ ಬೋಲ್ಟ್ ತಿರುಗುವುದಿಲ್ಲ. ಕಾರಿನ ಜಾಕ್ ಕರೆಂಟಿಲ್ಲದೆಯೇ ಕಾರನ್ನು ಎತ್ತಿಹಿಡಿಯುವುದೂ ಹೀಗೆಯೇ. ಹಳೆಯ ದೊಡ್ಡ ಡಿಶ್ ಆಂಟೆನಾಗಳನ್ನು ತಿರುಗಿಸುತ್ತಿದ್ದ ಸ್ಕ್ರೂ-ಮೋಟಾರ್ ತೋಳನ್ನು ಟ್ರ್ಯಾಕರ್ ಕಟ್ಟುವವರು ಇಷ್ಟಪಡುವುದು ಇದಕ್ಕೇ. ಮೋಟಾರ್ ಪ್ಯಾನೆಲ್ಲನ್ನು ಅಲುಗಿಸಬಲ್ಲದು, ಪ್ಯಾನೆಲ್ ಮೋಟಾರನ್ನು ಅಲುಗಿಸಲಾರದು.

ಆದರೂ ಬಿರುಗಾಳಿಯ ಮುಂದೆ ಹಟ ಬೇಡ. ಮೂರು ಬಟ್ಟಲುಗಳ ಗಾಳಿಮಾಪಕ ಜೋರಾಗಿ ತಿರುಗತೊಡಗಿದರೆ ಪ್ಯಾನೆಲ್ಲನ್ನು ಮಲಗಿಸಿಬಿಡಬೇಕು. ಆಗ ಗಾಳಿಗೆ ಸಿಗುವುದು ತೆಳ್ಳಗಿನ ಅಂಚು ಮಾತ್ರ.

ಮಲಗಿಸಿದರೆ ಎಲ್ಲ ಮುಗಿಯಿತೇ? ಇಲ್ಲ. ಗಾಳಿ ಅಡಿಯಿಂದ ನುಗ್ಗಿ ಎತ್ತಲು ನೋಡುತ್ತದೆ, ಆದ್ದರಿಂದ ಕಂಬದ ಬುಡ ಭಾರವಾಗಿರಬೇಕು. ಕೀಲಿನಲ್ಲಿ ಸಡಿಲವಿದ್ದರೆ (ಮೆಕ್ಯಾನಿಕ್‌ಗಳು ‘ಪ್ಲೇ ಇದೆ’ ಎನ್ನುತ್ತಾರಲ್ಲ, ಅದೇ) ಪ್ಯಾನೆಲ್ ಅತ್ತಿತ್ತ ಬಡಿದು ಬೋಲ್ಟುಗಳನ್ನೇ ಸವೆಸುತ್ತದೆ. ಉದ್ದನೆಯ ಚೌಕಟ್ಟನ್ನು ಒಂದೇ ಕಡೆ ಹಿಡಿದಿಟ್ಟರಂತೂ ಅದು ಹಗ್ಗದಂತೆ ತಿರುಚಿಕೊಳ್ಳಬಹುದು. 1940ರಲ್ಲಿ ಅಮೆರಿಕದ ಟಕೋಮಾ ಸೇತುವೆ ಹೀಗೆ ತಿರುಚಿ ತಿರುಚಿಯೇ ಮುರಿದುಬಿತ್ತು. ಅಂದು ಬೀಸಿದ್ದು ಗಂಟೆಗೆ ಸುಮಾರು 64 ಕಿಲೋಮೀಟರ್ ಗಾಳಿ, ಅಷ್ಟೇ!

ತಾರಸಿ ಹತ್ತುವ ಮೊದಲು ಮನೆಯೊಳಗೇ ಒಂದು ರಟ್ಟನ್ನು ಟೇಬಲ್ ಫ್ಯಾನಿನ ಮುಂದೆ ಹಿಡಿಯಿರಿ. ಮೊದಲು ನೆಟ್ಟಗೆ, ಆಮೇಲೆ ಮಲಗಿಸಿ, ಕೊನೆಗೆ ಓರೆಯಾಗಿ. ಓರೆ ಹಿಡಿದಾಗ ಅದು ನಿಮ್ಮ ಕೈಯನ್ನು ಯಾವ ಕಡೆಗೆ ತಿರುಚುತ್ತದೆ, ಗಮನಿಸಿ.