ಶಾಂತವೇರಿ ಗೋಪಾಲಗೌಡರು ಮತ್ತು ಗೇಣಿಚೀಟಿ ಇಲ್ಲದ ನಾವು

(ಹಾಸ್ಟೆಲ್ ಹುಡುಗರ ಸಭೆಯಲ್ಲಿ ಆಡಿದ ಮಾತು)



ಎಮ್ಮೆಲ್ಲೆ ಅಂದರೆ ಕಾರು, ಹಾರ, ಹಿಂದೆ ನಾಲ್ಕು ಜನ ಕಂಟ್ರಾಕ್ಟರು. ನಮಗೆ ಗೊತ್ತಿರೋದು ಇಷ್ಟೇ. ಶಾಂತವೇರಿ ಗೋಪಾಲಗೌಡರು ಮೂರು ಸಲ ಎಮ್ಮೆಲ್ಲೆ ಆದವರು. ಮಂತ್ರಿಯಾಗಲಿಲ್ಲ, ಆಸ್ತಿ ಮಾಡಲಿಲ್ಲ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಗೇಣಿದಾರರು ಒಡೆಯರಿಗೆ ಎದುರು ನಿಂತರು. ಗೇಣಿ ಅಳೆಯುವ ಕೊಳಗ ನ್ಯಾಯದ ಅಳತೆಗಿಂತ ದೊಡ್ಡದು. ವರ್ಷವೆಲ್ಲ ಕೆಸರಲ್ಲಿ ನಿಂತವನ ಭತ್ತ ಆ ಕೊಳಗದೊಳಗೇ ಕಾಣೆಯಾಗುತ್ತಿತ್ತು. ಸರಿಯಾಗಿ ಅಳೀರಿ ಅಂದದ್ದೇ ತಪ್ಪಾಯಿತು. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದ್ದರು, ಗೋಪಾಲಗೌಡರೂ ಸೋಷಲಿಸ್ಟರೂ ಬೆನ್ನಿಗೆ ನಿಂತು ಜೈಲು ಕಂಡರು. ಲೋಹಿಯಾ ಬಂದರು, ಅವರನ್ನೂ ಹಿಡಿದರು. ಗೌಡರು ದೀವರ ಜಾತಿಯವರಲ್ಲ, ಇದನ್ನು ಗಮನಿಸಬೇಕು.

ಮರುವರ್ಷ 1952ರ ಚುನಾವಣೆ. ಗೌಡರು ಜನರ ಹತ್ತಿರ ವೋಟಿನ ಜೊತೆಗೆ ನೋಟನ್ನೂ ಕೇಳಿದರು. ಈಗ ನೋಟು ಹಂಚಿ ವೋಟು ತಗೋತಾರೆ, ಆಗ ಬಡವನೇ ಎರಡನ್ನೂ ಕೊಟ್ಟ. ದುಡ್ಡು ಕೊಟ್ಟವನ ಋಣ ತೀರಿಸಬೇಕಲ್ಲವೇ? ಗೌಡರ ತಲೆ ಮೇಲಿದ್ದ ಋಣ ಆ ಬಡವನದು. ಅವರು ಯಾರಿಗೂ ಹೆದರದೆ ಮಾತಾಡಿದ್ದರ ಗುಟ್ಟು ಇದೇ ಅಂತ ನಾವು ತಿಳಿದಿದ್ದೇವೆ. 99 ಜನರ ಸಭೆಯಲ್ಲಿ ಕಾಂಗ್ರೆಸ್ಸಿನವರು 74, ಸೋಷಲಿಸ್ಟರು ಮೂರೇ ಜನ. ನಮ್ಮ ಶೆಡ್ಯೂಲ್ಡ್ ಕಾಸ್ಟ್ಸ್ ಫೆಡರೇಷನ್ನಿನವರು ಇಬ್ಬರು!

1957ರಲ್ಲಿ ಸೋತರು. 1962, 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. 1972ರ ಜೂನ್ 9ರಂದು ತೀರಿಕೊಂಡಾಗ ವಯಸ್ಸು 49. 'ಅವಸ್ಥೆ' ಓದಿ ಗೌಡರ ಕತೆಯೆಲ್ಲ ಗೊತ್ತು ಅನ್ನುವವರಿದ್ದಾರೆ. ಅದು ಕಾದಂಬರಿ ಕಣ್ರಯ್ಯ, ಶಾಸನಸಭೆಯ ನಡಾವಳಿ ತೆಗೆದು ಓದಿ.

ಅವರು ಕೇಳಿದ ಕಾನೂನು ಬಂದದ್ದು ಅವರು ಹೋದ ಮೇಲೆ, ದೇವರಾಜ ಅರಸು ಕಾಲದಲ್ಲಿ. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ನಮೂನೆ 7ರಲ್ಲಿ ಡಿಕ್ಲರೇಷನ್ ಹಾಕಿದ ಗೇಣಿದಾರ, ಟ್ರಿಬ್ಯೂನಲ್ಲು ಒಪ್ಪಿದರೆ, ಒಡೆಯನಾದ. ದೊಡ್ಡ ಕೆಲಸವೇ, ಇಲ್ಲವೆನ್ನುವುದಿಲ್ಲ. ಆದರೆ ಅದೇ ಗದ್ದೆಯಲ್ಲಿ ಗೊಬ್ಬರ ಹೊತ್ತ, ನಾಟಿ ಮಾಡಿದ, ಜೀತಕ್ಕಿದ್ದ ನಮ್ಮಪ್ಪ ನಮ್ಮವ್ವ ಯಾವ ಡಿಕ್ಲರೇಷನ್ ಹಾಕಬೇಕಿತ್ತು? ಕೂಲಿಯವನಿಗೆ ಗೇಣಿಚೀಟಿ ಎಲ್ಲಿಂದ ಬರಬೇಕು? ಉಳುವವನೇ ಒಡೆಯ ಅಂದರು, ನಮ್ಮವರ ಲೆಕ್ಕ ಉಳುವವರಲ್ಲಿ ಬರಲಿಲ್ಲ. ಬಹಳ ಮಂದಿಗೆ ಸಿಕ್ಕಿದ್ದೆಂದರೆ ಗುಡಿಸಲು ನಿಂತ ಜಾಗ, ಅದೂ ಸಿಕ್ಕಿದವರಿಗೆ.

2020ರಲ್ಲಿ ಅದೇ ಕಾನೂನಿನ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದರು. ಕೃಷಿಕನಲ್ಲದ ದುಡ್ಡಿನವನೂ ಈಗ ಜಮೀನು ಕೊಳ್ಳಬಹುದು. ಆ ದಿನ ನಿಮ್ಮ ತಾಲ್ಲೂಕಿನ ಎಮ್ಮೆಲ್ಲೆ ಸಭೆಯಲ್ಲಿ ಏನು ಮಾತಾಡಿದರು? ರಜಕ್ಕೆ ಊರಿಗೆ ಹೋದಾಗ ಕೇಳಿಕೊಂಡು ಬನ್ನಿ. ಮೀಸಲು ಕ್ಷೇತ್ರದವರನ್ನು ಮೊದಲು ಕೇಳಿ.